ಉಲ್ಟಾ ಮೊಳೆ

ಮಾರ್ಚ್ ೪, ಮಂಗಳವಾರ

ನನ್ನ ಶೆಡ್ಡಿಗೆ ಇಂದು ಸಂಚಕಾರ ಬಂತು. ಹೆಂಡತಿಯ ತಮ್ಮ ಬೆಳಿಗ್ಗೆ ಹತ್ತು ಗಂಟೆಗೆ ಬಾಡಿಗೆ ವ್ಯಾನಿನಲ್ಲಿ ಬಂದಿಳಿದ. ಒಂದು ಟ್ರಂಕು ಬಟ್ಟೆ, ಇಬ್ಬರು ಎತ್ತಬೇಕಾದಂಥ ಸಲಕರಣೆ ಪೆಟ್ಟಿಗೆ, ಕಾರಿನ ಮುಂದಿನ ಗಾಲಿ ಹತ್ತಿಸಿ ನಿಲ್ಲಿಸಲು ಎರಡು ಕಬ್ಬಿಣದ ಇಳಿಜಾರು. ಟ್ರಂಕು ಹಿಂದಿನ ಕೋಣೆಗೆ ಹೋಯಿತು, ಉಳಿದದ್ದೆಲ್ಲ ಶೆಡ್ಡಿಗೆ. ನನ್ನನ್ನು ಕೇಳಿದವರಿಲ್ಲ.

ಇಪ್ಪತ್ತೇಳು ವರ್ಷ ಮೆಕ್ಯಾನಿಕ್ ಆಗಿದ್ದವನು. ಕೈಗೆ ಮಾತ್ರವಲ್ಲ, ಮಾತಿಗೂ ಗ್ರೀಸು ಹಚ್ಚಿಕೊಂಡಿರುತ್ತಾನೆ. ಮನಸ್ಸಿನಲ್ಲಿ ನಾನು ಅವನನ್ನು ಕರೆಯುವುದೇ ಗ್ರೀಸಪ್ಪ ಎಂದು. ಪಾಪ, ಕಣ್ಣು ಹೋಗುತ್ತಿದೆ. ನೋಟ ಸುತ್ತಲಿಂದ ಮುಚ್ಚಿಕೊಂಡು ಬರುತ್ತಿದೆಯಂತೆ. ಈಗ ಕೊಳವೆಯಲ್ಲಿ ಇಣುಕಿದಷ್ಟು ಉಳಿದಿದೆ, ವರ್ಷದೊಳಗೆ ಅದೂ ಇರುವುದಿಲ್ಲ ಎಂದು ಕಣ್ಣಿನ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದಾರೆ. ಹೋದ ತಿಂಗಳು ಗಿರಾಕಿಯ ಕಾರನ್ನು ಹಿಂದಕ್ಕೆ ತೆಗೆಯುವಾಗ ಕಂಬಕ್ಕೆ ಗುದ್ದಿದ. ವರ್ಕ್‌ಶಾಪಿನವರು ಮರ್ಯಾದೆಯಿಂದಲೇ ಮನೆಗೆ ಕಳಿಸಿದರು.

ಮರುಕ ನನಗೂ ಇದೆ. ಆದರೆ ಮರುಕಕ್ಕೆ ಹಿಂದಿನ ಕೋಣೆ ಸಾಕಲ್ಲ, ಶೆಡ್ಡು ಯಾಕೆ? ಅಲ್ಲಿ ನನ್ನ ಕಾರಿದೆ. ಕಾರಿನ ಹಿಂದೆ ಗೋಡೆಗೊರಗಿ ನನ್ನ ಮೊಳೆ ಕೇಸುಗಳಿವೆ. ಮೂವತ್ತೆಂಟು ವರ್ಷ ಪ್ರೆಸ್ಸಿನಲ್ಲಿ ಸೀಸದ ಅಚ್ಚಿನ ಮೊಳೆ ಜೋಡಿಸಿದವನು ನಾನು. ಕಂಪ್ಯೂಟರ್ ಬಂದು ಪ್ರೆಸ್ಸು ಕದ ಹಾಕಿದಾಗ ಗುಜರಿಗೆ ಹೊರಟಿದ್ದ ನಾಲ್ಕು ಕೇಸುಗಳನ್ನು ಬೇಡಿ ತಂದೆ. ಒಂದೊಂದು ಕೇಸಿನಲ್ಲಿ ನೂರಕ್ಕೂ ಹೆಚ್ಚು ಪುಟ್ಟ ಮನೆಗಳು, ಮನೆಗೊಂದು ಅಕ್ಷರ. ವಾರಕ್ಕೊಮ್ಮೆ ಧೂಳು ಹೊಡೆಯುತ್ತೇನೆ. ಬೇರೆ ಏನೂ ಮಾಡುವುದಿಲ್ಲ. ಹನ್ನೊಂದು ವರ್ಷದಿಂದ ಮಾಡುವುದಕ್ಕೆ ಏನೂ ಇಲ್ಲ.

ಮಾರ್ಚ್ ೬, ಗುರುವಾರ

"ಭಾವ, ಮೊಳೆ ಇದೆಯಾ?" ಎಂದು ಶೆಡ್ಡಿನಿಂದ ಕೂಗಿದ.

"ಯಾವ ಮೊಳೆ?"

"ಗೋಡೆಗೆ ಹೊಡೆಯೋದು."

"ಅದಿಲ್ಲ."

"ಹತ್ತು ಸಾವಿರ ಮೊಳೆ ಇಟ್ಕೊಂಡಿದೀರಿ, ಗೋಡೆಗೆ ಹೊಡೆಯೋಕೆ ಒಂದಿಲ್ಲ ಅಂತೀರಲ್ಲ!"

ಇವಳು ಒಳಗಿನಿಂದ ಕಿಸಕ್ಕೆಂದಳು. ಅಕ್ಕ ತಮ್ಮ ಒಂದಾದರೆ ಮನೆಯಲ್ಲಿ ನಾನು ಬಾಡಿಗೆದಾರ.

ಊಟದ ಹೊತ್ತಿಗೆ ವಿಷಯ ಹೊರಬಿತ್ತು. ಟೈರ್ ಅಂಗಡಿಯವನೊಬ್ಬ ಇವನ ಸಲಕರಣೆ ಪೆಟ್ಟಿಗೆಯನ್ನು ಕೇಳಿದ್ದಾನಂತೆ.

"ಏಪ್ರಿಲ್ ಆರಕ್ಕೆ ಬಾ ಅಂದಿದೀನಿ," ಎಂದ ಗ್ರೀಸಪ್ಪ. "ಅಷ್ಟರೊಳಗೆ ಈ ಶೆಡ್ಡನ್ನ ಒಂದೇ ಒಂದು ಕೆಲಸಕ್ಕೆ ಸಜ್ಜು ಮಾಡ್ತೀನಿ. ಎಂಜಿನ್ ಆಯಿಲ್ ಬದಲಾಯಿಸೋದು. ಆವತ್ತು ಕಣ್ಣಿಗೆ ಬಟ್ಟೆ ಕಟ್ಕೊಂಡು, ಇನ್ನೊಬ್ಬರು ಕೈ ಹಚ್ಚದೆ, ಪೂರ್ತಿ ಮಾಡಿದ್ರೆ ಪೆಟ್ಟಿಗೆ ನಂದು. ಆಗ್ಲಿಲ್ಲ ಅಂದ್ರೆ ಅವನದು. ಆಮೇಲೆ ಹಿಂದಿನ ಕೋಣೇಲಿ ರೇಡಿಯೋ ಕೇಳ್ಕೊಂಡು ಬಿದ್ದಿರ್ತೀನಿ."

"ಆಯಿಲ್ಲೇ ಯಾಕೋ?" ಎಂದಳು ಇವಳು.

"ಎಂಜಿನ್ ಬಿಚ್ಚಿ ಕೂರಿಸೋಕೆ ಕಣ್ಣು ಬೇಕಕ್ಕ. ಆಯಿಲ್‌ಗೆ ಕೈ ಸಾಕು. ಒಂದು ಕೆಲಸ ಉಳೀಲಿ ಅಂತ."

"ಯಾವ ಕಾರಿಗೆ ಬದಲಾಯಿಸ್ತೀಯಪ್ಪಾ?" ಎಂದು ಕೇಳಿದೆ. ಕೇಳಬಾರದಿತ್ತು.

"ನಿಮ್ಮದೇ ಇದೆಯಲ್ಲ ಭಾವ."



ಮಾರ್ಚ್ ೯, ಭಾನುವಾರ

ಬೆಳಗಿನಿಂದ ಗೋಡೆಗೆ ಹಲಗೆ ಬಡಿದು ಸ್ಪ್ಯಾನರುಗಳನ್ನು ನೇತುಹಾಕಿದ. ಎಂಟರಿಂದ ಇಪ್ಪತ್ನಾಲ್ಕರವರೆಗೆ, ಚಿಕ್ಕದರಿಂದ ದೊಡ್ಡದಕ್ಕೆ, ಶಾಲೆಯ ಮಕ್ಕಳು ಸಾಲು ನಿಂತಹಾಗೆ. ನೋಡುವುದಕ್ಕೆ ಚೆಂದ. ಕೆಲಸಕ್ಕೆ ಬಾರದು. ಸುಮ್ಮನಿರಲಾರದೆ ಹೇಳಿದೆ.

"ಏನಯ್ಯಾ ಇದು, ಅಕಾರಾದಿ! ಅಕಾರಾದಿ ನಿಘಂಟಿಗೆ ಸರಿ, ಕೈಗಲ್ಲ. ಆಯಿಲ್‌ಗೆ ಯಾವ ಸ್ಪ್ಯಾನರ್ ಬೇಕು?"

"ಹದಿನೇಳು."

"ಮತ್ತೆ ಹದಿನೇಳು ಅಷ್ಟು ದೂರ ಯಾಕೆ ಕೂತಿದೆ? ನಮ್ಮ ಕೇಸಲ್ಲಿ ಅ ಪಕ್ಕ ಆ ಇರ್ತಿರಲಿಲ್ಲ. ಹೆಚ್ಚು ಬೇಕಾದ ಅಕ್ಷರ ಮೊಣಕೈ ಮಡಚಿದ್ರೆ ಸಿಗಬೇಕು. ಅಪರೂಪದ್ದು ಮೂಲೆಗೆ."

"ಅದಕ್ಕೇ ನೀವು ನೋಡದೆ ಜೋಡಿಸ್ತಿದ್ರಾ?"

"ನೋಡ್ತಾ ಕೂತ್ರೆ ಪತ್ರಿಕೆ ಹೊರಡ್ತಿತ್ತೇನಯ್ಯಾ?"

ಅವನು ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟು, "ಒಂದ್ಸಲ ತೋರ್ಸಿ ಭಾವ," ಎಂದ. ಚಾಳಿಸು ತೆಗೆದಿಟ್ಟು, ಕಣ್ಣು ಮುಚ್ಚಿ ಕೇಸಿನ ಮುಂದೆ ನಿಂತೆ. ಹನ್ನೊಂದು ವರ್ಷದ ಮೇಲೆ. ಕೈ ತಾನೇ ಹೋಯಿತು, ಎಲ್ಲೂ ತಡವರಿಸಲಿಲ್ಲ. ಜೋಡಿಸಿದ ಪದ 'ಗ್ರೀಸು'. ಅವನು ಕಣ್ಣಿಗೆ ಹತ್ತಿರ ಹಿಡಿದು ನೋಡಿ, ಏನು ಬರೆದಿದ್ದೇನೆಂದು ತಿಳಿಯದೆ, "ಭೇಷ್!" ಎಂದ. ತಕ್ಷಣ ಸ್ಪ್ಯಾನರುಗಳನ್ನೆಲ್ಲ ಕೆಳಗಿಳಿಸಿದ. ಅರ್ಧ ದಿನದ ಕೆಲಸ. ಒಂದು ಮಾತು ಗೊಣಗಲಿಲ್ಲ. ನಾನಾಗಿದ್ದರೆ ಗೊಣಗುತ್ತಿದ್ದೆ.

ಸಂಜೆ ಕೆಲಸದ ಕ್ರಮ ವಿವರಿಸುತ್ತಿದ್ದ. ಕೊನೆಗೆ ಎಂಜಿನ್ ಶುರು ಮಾಡಿದಾಗ ಸ್ಟೀರಿಂಗ್ ಹಿಂದೆ ಒಂದು ಕೆಂಪು ದೀಪ ಹತ್ತುತ್ತದೆ, ಅದು ಆರಬೇಕು ಎಂದ. ಇವಳು ಕೈಯಲ್ಲಿದ್ದ ಪಾತ್ರೆಯನ್ನು ಢಣ್ ಎಂದು ಇಟ್ಟಳು.

"ದೀಪ ಆರೋ ಮಾತು ಈ ಮನೇಲಿ ಆಡಬೇಡ ಕಣೋ."

"ಅಕ್ಕ, ಈ ದೀಪ ಆರಿದ್ರೇ ಒಳ್ಳೇದು. ಉರೀತಾನೇ ಇದ್ರೆ ಆಯಿಲ್ ಹತ್ತಿಲ್ಲ, ಎಂಜಿನ್ ಕೆಟ್ಟುಹೋಗುತ್ತೆ ಅಂತ."

"ಏನಾದ್ರೂ ಆಗಲಿ. ಬೇರೆ ಮಾತು ಹುಡುಕು."

ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದಳು. ನಾನು ನೋಡದವನಂತೆ ಇದ್ದೆ.

ಮಾರ್ಚ್ ೧೩, ಗುರುವಾರ

ಒಪ್ಪಿಕೊಳ್ಳಬೇಕು, ಮನುಷ್ಯನಿಗೆ ತಲೆಯಿದೆ.

ಬಾಗಿಲಿನಿಂದ ಕಾರಿನ ಮೂತಿಯವರೆಗೆ ಸೊಂಟದ ಎತ್ತರಕ್ಕೆ ಹಗ್ಗ ಎಳೆದಿದ್ದಾನೆ, ಹೆಜ್ಜೆಗೊಂದು ಗಂಟು. ಮೂರನೇ ಗಂಟಿಗೆ ಸ್ಪ್ಯಾನರ್ ಹಲಗೆ, ನಾಲ್ಕನೆಯದಕ್ಕೆ ಬಿಡಿಭಾಗಗಳ ಡ್ರಾಯರುಗಳು. ನೆಲಕ್ಕೆ ಮರದ ಪಟ್ಟಿ ಹೊಡೆದು ಚೌಕಟ್ಟು ಮಾಡಿದ್ದಾನೆ. ಹಳೆ ಆಯಿಲ್ ಹಿಡಿಯುವ ಬೋಗುಣಿಯನ್ನು ಅದರೊಳಗೆ ತಳ್ಳಿದರೆ ಅದು ಬೇರೆಲ್ಲೂ ಕೂರುವಂತಿಲ್ಲ, ಸರಿಯಾಗಿ ಎಂಜಿನ್ ತಳದ ಬೋಲ್ಟಿನ ಕೆಳಗೇ. ಹೊಸ ಆಯಿಲ್ ಅನ್ನು ನಮ್ಮ ಕಾರಿಗೆ ಬೇಕಾದಷ್ಟೇ ಅಳೆದು ಒಂದು ಡಬ್ಬಿಗೆ ತುಂಬಿಟ್ಟಿದ್ದಾನೆ, ಸುರಿಯುವಾಗ ಗೆರೆ ನೋಡುವ ತಾಪತ್ರಯವೇ ಇಲ್ಲ. ಚೆಲ್ಲಿದರೆ ಉದುರಿಸಲು ಒಂದು ಬಕೆಟ್ಟು ಮರದ ಹೊಟ್ಟು ಬಲಗಾಲಿನ ಬಳಿ.

ನನಗೆ ಬಹಳ ಹಿಡಿಸಿದ್ದು ಕೀಲಿಯ ಉಪಾಯ. ಕೆಲಸ ಶುರುವಾಗುವ ಮುಂಚೆ ಕಾರಿನ ಕೀಲಿ ತೆಗೆದು ಆಯಿಲ್ ಸುರಿಯುವ ಆಲಿಕೆಯೊಳಗೆ ಹಾಕುತ್ತಾನೆ.

"ಹಳೇದು ಇಳಿಸಿ ಹೊಸದು ಹಾಕೋದು ಮರೆತು ಗಾಡಿ ಶುರು ಮಾಡಿ, ಎಂಜಿನ್ ಸುಟ್ಕೊಂಡೋರನ್ನ ನೋಡಿದೀನಿ ಭಾವ, ಎರಡು ಕಣ್ಣೂ ನೆಟ್ಟಗಿರೋರೇ. ಕೀಲಿ ಆಲಿಕೇಲಿದ್ರೆ, ಕೀಲಿ ಬೇಕಂದೋನಿಗೆ ಆಲಿಕೆ ನೆನಪಾಗುತ್ತೆ. ಆಲಿಕೆ ನೆನಪಾದ್ರೆ ಆಯಿಲ್ ನೆನಪಾಗುತ್ತೆ."

ಇದನ್ನು ಇಪ್ಪತ್ತೇಳು ವರ್ಷವೂ ಪಾಲಿಸಿದ್ದಾನಂತೆ. ಮೂವತ್ತೆಂಟು ವರ್ಷ ಮೊಳೆ ಜೋಡಿಸಿದ ನಾನು ಎಷ್ಟು ತಪ್ಪು ಬಿಟ್ಟಿದ್ದೇನೆಂದು ಇಲ್ಲಿ ಬರೆಯುವುದಿಲ್ಲ.

ಮಾರ್ಚ್ ೧೭, ಸೋಮವಾರ

ಡ್ರಾಯರುಗಳಿಗೆ ಗುರುತು ಬೇಕು. ಇವಳು ದಾರದ ಗಂಟು ಕಟ್ಟೋಣ ಎಂದಳು. ಗ್ರೀಸಪ್ಪ ನೆನಪಿನಲ್ಲಿ ಇಟ್ಟುಕೊಳ್ಳುತ್ತೇನೆ ಎಂದ. ನನಗೆ ಮಧ್ಯಾಹ್ನ ಮಲಗಿದ್ದಾಗ ಹೊಳೆಯಿತು: ತಲೆಬರಹದ ದಪ್ಪ ಮೊಳೆ! ಹೆಬ್ಬೆರಳಗಲದ ಅಕ್ಷರ, ಉಬ್ಬಿ ನಿಂತಿರುತ್ತದೆ, ಬೆರಳಾಡಿಸಿದರೆ ಸಾಕು. ಒರೆಸುವ ಬಟ್ಟೆಯ ಡ್ರಾಯರಿಗೆ ಬ, ವಾಷರಿಗೆ ವ, ಫಿಲ್ಟರಿಗೆ ಫ, ಕೈಗವಸಿಗೆ ಕ.

ಕೇಸು ಒಡೆಯಬೇಕಾಗುತ್ತದೆ. ಒಂದು ಅಕ್ಷರ ತೆಗೆದರೂ ಜೊತೆ ಮುರಿದಂತೆ. ನಾಲ್ಕು ತಾನೇ ಎಂದುಕೊಂಡೆ. ಆಮೇಲೆ ಎಣಿಸಿದರೆ ಹದಿಮೂರು ತೆಗೆದಿದ್ದೆ.

"ಅಯ್ಯೋ, ನಿಮ್ಮ ಮೊಳೆ ಬೇಡ ಭಾವ," ಎಂದು ಅವನು ಕೈ ಹಿಡಿದುಕೊಂಡ.

"ಗೋಡೆಗೆ ಹೊಡೆಯೋಕಿಲ್ಲ ಅಂದಿದ್ದೆ. ಡ್ರಾಯರಿಗೆ ಅಂಟಿಸೋಕೆ ಇಲ್ಲ ಅಂದಿರಲಿಲ್ಲ," ಎಂದೆ.

ಮಾರ್ಚ್ ೨೨, ಶನಿವಾರ

ಮೊದಲ ತಾಲೀಮು. ಆಯಿಲ್ ಇಳಿಸದೆ ಕೈಯಾಟ ಮಾತ್ರ. ಇವಳ ಕಪ್ಪು ದುಪ್ಪಟ್ಟಾ ನಾಲ್ಕು ಸುತ್ತು ಕಟ್ಟಿದೆವು.

ಕಾರಿನ ಕೆಳಗೆ ಅವನನ್ನು ನೋಡಬೇಕಿತ್ತು. ಗಾಲಿಯಿರುವ ಹಲಗೆಯ ಮೇಲೆ ಮಲಗಿ ಜಾರಿ ಹೋದ, ಎಡಗೈಯನ್ನು ಎಂಜಿನ್ ತಳದ ಮೇಲೆ ಹಗುರಾಗಿ ಸವರಿದ, ಬೋಲ್ಟಿನ ಮೇಲೆ ಬೆರಳು ನಿಂತಿತು. ಸ್ಪ್ಯಾನರ್ ಹುಡುಕಲಿಲ್ಲ, ಬೆರಳಿನ ಪಕ್ಕಕ್ಕೆ ತಂದು ಕೂರಿಸಿದ. ಆ ನಯ, ಆ ನೆಮ್ಮದಿ! ಪ್ರೆಸ್ಸಿನಲ್ಲಿ ನಮ್ಮ ಹಿರಿಯ ಕಂಪೋಸಿಟರ್ ಒಬ್ಬರ ಕೈಯಲ್ಲಿ ಮಾತ್ರ ನಾನು ಅಂಥದ್ದನ್ನು ನೋಡಿದ್ದು.

ಡ್ರಾಯರಿಗೆ ಬಂದಾಗ ಎಲ್ಲ ಎಡವಟ್ಟಾಯಿತು. ವಾಷರ್ ಕೇಳಿದರೆ ಬಟ್ಟೆ ತೆಗೆದ. ಫಿಲ್ಟರ್ ಬೇಕಾದಾಗ ಫ ಅಕ್ಷರದ ಮೇಲೆ ನಿಮಿಷಗಟ್ಟಲೆ ಬೆರಳಾಡಿಸಿ ತಿಳಿಯದೆ ನಿಂತ. ಎರಡನೇ ಸಲ, ಮೂರನೇ ಸಲ. ದುಪ್ಪಟ್ಟಾ ಬಿಚ್ಚಿ, ತನ್ನ ದಡ್ಡುಗಟ್ಟಿದ ಬೆರಳ ತುದಿಗಳನ್ನು ಒಂದಕ್ಕೊಂದು ತಿಕ್ಕಿ ನೋಡಿದ.

"ಕಣ್ಣು ಹೋಗ್ತಿರೋದು ಗೊತ್ತಿತ್ತು ಭಾವ. ಬೆರಳೂ ಹೋಗಿದೆ ಅಂತ ಗೊತ್ತಿರಲಿಲ್ಲ."

ಸ್ಪ್ಯಾನರ್ ಹಿಡಿದು ದಡ್ಡಾದ ಬೆರಳಿಗೆ ಅಕ್ಷರದಂಥ ನವಿರು ಹೇಗೆ ತಿಳಿದೀತು ಎಂದು ನನಗೂ ಅನ್ನಿಸಿತು.

ಮಾರ್ಚ್ ೨೪, ಸೋಮವಾರ

ಮತ್ತೆ ತಾಲೀಮು. ಮತ್ತೆ ಹಾಗೆಯೇ.

ಮಾರ್ಚ್ ೨೬, ಬುಧವಾರ

ಗ್ರೀಸಪ್ಪ ಟೈರ್ ಅಂಗಡಿಯವನಿಗೆ ಫೋನು ಮಾಡಿದ. ಆರರವರೆಗೆ ಕಾಯುವುದು ಬೇಡ, ಈ ಭಾನುವಾರವೇ ಬಂದು ಒಯ್ಯಿ ಎಂದ. ಇವಳು ಊಟ ಮಾಡಲಿಲ್ಲ. ಶೆಡ್ಡು ನನಗೆ ವಾಪಸು ಬರುತ್ತದೆ. ಖುಷಿಯಾಗಬೇಕಿತ್ತು.

ಮಾರ್ಚ್ ೨೭, ಗುರುವಾರ

ನನ್ನಂಥ ಮುಟ್ಠಾಳ ಈ ಭೂಮಿಯ ಮೇಲೆ ಇನ್ನೊಬ್ಬನಿಲ್ಲ. ಬರೆದಿಡುತ್ತೇನೆ, ಮರೆಯದಿರಲಿ.

ಬೆಳಿಗ್ಗೆ ಅಂಟಿಸಿದ ಮೊಳೆಗಳನ್ನು ಕಿತ್ತು ಕೇಸಿಗೆ ಸೇರಿಸೋಣವೆಂದು ಶೆಡ್ಡಿಗೆ ಹೋದೆ. ಮನಸ್ಸು ಬರಲಿಲ್ಲ. ಡ್ರಾಯರುಗಳ ಮುಖಕ್ಕೆ ಮುಂಗೈ ಒತ್ತಿ ಒರಗಿ ಎಷ್ಟೋ ಹೊತ್ತು ನಿಂತಿದ್ದೆ. ಕೈ ಎತ್ತಿದಾಗ ಚರ್ಮದ ಮೇಲೆ ಕೆಂಪಗೆ ಅಚ್ಚು ಬಿದ್ದಿತ್ತು: ಬ. ದುಂಡನೆಯ, ನೆಟ್ಟಗಿನ ಬ, ಪುಸ್ತಕದಲ್ಲಿ ಇರುವಂತೆ.

ಅಚ್ಚು ನೆಟ್ಟಗೆ ಬಿದ್ದಿದೆ ಎಂದರೆ ಮೊಳೆ ಉಲ್ಟಾ ಇದೆ! ಮೊಳೆ ಎಂದರೇ ಉಲ್ಟಾ, ಕನ್ನಡಿಯಲ್ಲಿ ಕಂಡ ಹಾಗೆ. ಕಾಗದಕ್ಕೆ ಒತ್ತಿದಾಗ ಮಾತ್ರ ನೆಟ್ಟಗಾಗುವುದು. ಪ್ರೆಸ್ಸಿಗೆ ಸೇರಿದ ಮೊದಲ ದಿನ ಕಲಿಯುವ ಪಾಠ. ಮೂವತ್ತೆಂಟು ವರ್ಷ ಉಲ್ಟಾ ಓದಿ ಓದಿ ನನ್ನ ಕಣ್ಣಿಗೆ ಉಲ್ಟಾ ಕಾಣಿಸುವುದೇ ಇಲ್ಲ, ಎರಡೂ ಒಂದೇ. ಆ ಬಡಪಾಯಿ ಶಾಲೆಯಲ್ಲಿ ಎಲ್ಲರಂತೆ ನೆಟ್ಟಗಿನ ಅಕ್ಷರ ಕಲಿತವನು. ಐದು ದಿನದಿಂದ ಉಲ್ಟಾ ಅಕ್ಷರ ತಡವಿ ತಡವಿ, ತನ್ನ ಬೆರಳು ಸತ್ತಿದೆ ಎಂದು ಕೊರಗಿದ್ದಾನೆ. ಅವನ ಕೊಳವೆಗಣ್ಣಿಗೆ ಅಷ್ಟು ದಪ್ಪ ಅಕ್ಷರ ಒಮ್ಮೆಗೇ ಪೂರ್ತಿ ಕಾಣುವುದಿಲ್ಲ. ಇವಳು ಅತ್ತ ನೋಡಿರಲೇ ಇಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ನನಗೆ ಬೇಕಾಯಿತು.

ಅವನು ಹಿಂದಿನ ಕೋಣೆಯಲ್ಲಿ ರೇಡಿಯೋ ಹಚ್ಚಿಕೊಂಡು ಮಲಗಿದ್ದ. ಆರಿಸಿದೆ.

"ಏಳಯ್ಯಾ. ತಪ್ಪು ನಿನ್ನ ಬೆರಳಿಂದಲ್ಲ. ನಂದು."

ಎಲ್ಲ ಹೇಳಿದೆ. ಬೈಯುತ್ತಾನೆಂದು ಕಾದೆ. ಅವನು ಎದ್ದು ಕುಳಿತು, ಮೊದಲು ತನ್ನ ಬೆರಳುಗಳನ್ನು ಮುಖಕ್ಕೆ ಒತ್ತಿಕೊಂಡ. ಆಮೇಲೆ ನಗಲು ಶುರುಮಾಡಿದ. ಕಣ್ಣಲ್ಲಿ ನೀರು ಬರುವವರೆಗೆ ನಕ್ಕ.

"ಅಲ್ಲಾ ಭಾವ, ಐದು ದಿನ ನನ್ನ ಬೆರಳಿಗೆ ಬೈದೆನಲ್ಲ! ಪಾಪ, ಅವು ಸರಿಯಾಗೇ ಓದ್ತಿದ್ವು. ನೀವೇ ತಪ್ಪು ಬರೆದಿದ್ರಿ!"

ಇವಳು ಬಾಗಿಲಲ್ಲಿ ನಿಂತು, "ನಮ್ಮನೆಯವರು ಮದುವೆಯಾದಾಗಿಂದ ಉಲ್ಟಾನೇ ಕಣೋ," ಎಂದಳು. ಅದೂ ಸರಿಯೇ. ಟೈರಿನವನಿಗೆ ತಾನೇ ಫೋನು ಹಚ್ಚಿ, ಮೊದಲು ಹೇಳಿದ ದಿನವೇ ಬನ್ನಿ ಎಂದಳು.

ಮಾರ್ಚ್ ೩೦, ಭಾನುವಾರ

ಪೈಪು ಸೋರಿದರೆ ಮೆತ್ತುವ ಗಟ್ಟಿ ಪುಟ್ಟಿ ತಂದೆ. ಡ್ರಾಯರ್ ಮುಖಕ್ಕೆ ಬಿಲ್ಲೆಯಂತೆ ಮೆತ್ತಿ, ಹಸಿ ಇರುವಾಗಲೇ ಮೊಳೆ ಒತ್ತಿ ತೆಗೆದೆ. ಅಕ್ಷರ ನೆಟ್ಟಗೆ, ಆಳವಾಗಿ ಇಳಿಯಿತು. ಹದಿಮೂರೂ ಒತ್ತಿದೆ. ಹನ್ನೊಂದು ವರ್ಷದ ಮೇಲೆ ಅಚ್ಚು ಹಾಕಿದ್ದೇನೆ. ಒತ್ತಡ ಎಲ್ಲೂ ಹೆಚ್ಚು ಕಡಿಮೆಯಾಗಿಲ್ಲ, ಅಂಚು ಹರಿದಿಲ್ಲ.

ಪುಟ್ಟಿ ಒಣಗಿದ ಮೇಲೆ ಗ್ರೀಸಪ್ಪ ಬೆರಳು ಇಟ್ಟ. "ವ," ಎಂದ. "ಫ. ಅದರ ಬಾಲ ಕೂಡ ಸಿಗ್ತಿದೆ. ಕ. ಬ." ದಡ್ಡುಗಟ್ಟಿದ ಬೆರಳು ಗೀರಿನೊಳಗೆ ಇಳಿದು ಬಂಡಿ ಚಕ್ರ ಜಾಡಿನಲ್ಲಿ ಹೋದಂತೆ ಹೋಗುತ್ತಿತ್ತು. ನಾಲ್ಕು ಸಲ ತಾಲೀಮು ಮಾಡಿದೆವು. ಒಂದೂ ತಪ್ಪಲಿಲ್ಲ.

ಮೊಳೆಗಳನ್ನು ತೊಳೆದು ಒರೆಸಿ ಶೆಡ್ಡಿನಲ್ಲೇ, ಅಂದರೆ ಈಗ ನಮ್ಮ ಗ್ಯಾರೇಜಿನಲ್ಲೇ, ಕೈಗೆ ಸಿಗುವಂತೆ ಇಟ್ಟಿದ್ದೇನೆ. ಕೇಸಿಗೆ ಸೇರಿಸಿಲ್ಲ, ಮತ್ತೆ ಬೇಕಾಗಬಹುದು.

ಏಪ್ರಿಲ್ ೬, ಭಾನುವಾರ

ಟೈರಿನವನು ಒಂಬತ್ತೂವರೆಗೇ ಬಂದ. ಒಳ್ಳೆಯ ಮನುಷ್ಯ, ಪೆಟ್ಟಿಗೆಯ ಕಡೆ ನೋಡಲು ನಾಚಿಕೊಳ್ಳುತ್ತಿದ್ದ. ನಾನು ಕಾರನ್ನು ಇಳಿಜಾರಿನ ಮೇಲೆ ಹತ್ತಿಸಿದೆ, ಎಂಜಿನ್ ಐದು ನಿಮಿಷ ಓಡಿಸಿ ಆಯಿಲ್ ಬೆಚ್ಚಗೆ ಮಾಡಿದೆ, ಗಾಲಿಗೆ ಅಡ್ಡ ಕೊಟ್ಟೆ. ಅಲ್ಲಿಗೆ ನನ್ನ ಕೆಲಸ ಮುಗಿಯಿತು. ಕೀಲಿ ಆಲಿಕೆಗೆ ಬಿತ್ತು. ಇವಳು ದುಪ್ಪಟ್ಟಾ ಕಟ್ಟಿದಳು.

ಹಗ್ಗ ಹಿಡಿದು ನಡೆದ. ಬೋಗುಣಿ ತನ್ನ ಚೌಕಟ್ಟಿಗೆ ಹೋಗಿ ಕೂತಿತು. ತಳದ ಬೋಲ್ಟ್ ಬಿಚ್ಚಿದ, ಕೊನೆಯ ಸುತ್ತಿನಲ್ಲಿ ಕೈ ಸರಕ್ಕನೆ ಹಿಂದಕ್ಕೆ, ಬಿಸಿ ಆಯಿಲ್ ಒಂದು ಹನಿ ಆಚೆ ಬೀಳದೆ ಬೋಗುಣಿಗೆ. ಸೋರುವ ಸದ್ದು ತೆಳ್ಳಗಾಗುವವರೆಗೆ ಕಿವಿಗೊಟ್ಟು ಕಾದ. ಹೊಸ ವಾಷರ್ ಹಾಕಿ ಬೋಲ್ಟ್ ಬಿಗಿದ. ಹಳೆ ಫಿಲ್ಟರ್ ತಿರುಗಿಸಿ ಇಳಿಸಿದ. ಹೊಸದನ್ನು ಕೂರಿಸುವ ಮುಂಚೆ, ಹಳೆ ಫಿಲ್ಟರಿನ ಅಂಚಿನ ಸುತ್ತ ಬೆರಳಾಡಿಸಿ ತಟ್ಟನೆ ನಿಂತ.

"ರಬ್ಬರ್ ಉಂಗುರ ಇದರಲ್ಲಿಲ್ಲ," ಎಂದ.

ಟೈರಿನವನು ತಡೆಯಲಾರದೆ ಟಾರ್ಚು ಹಿಡಿದು ಬಗ್ಗಿದ. ನಾನೂ ಬಗ್ಗಿದೆ. "ಕೆಳಗೆಲ್ಲೋ ಬಿದ್ದಿರಬೇಕು. ಮೇಲೇನೂ ಇಲ್ಲ, ಸಾಫಾಗಿದೆ, ಹೊಸದು ಹಾಕಿ," ಎಂದ ಅವನು. ನನಗೂ ಸಾಫಾಗಿಯೇ ಕಂಡಿತು. ಎರಡು ಜೊತೆ ಕಣ್ಣು, ಒಂದು ಟಾರ್ಚು.

ಗ್ರೀಸಪ್ಪ ಕೈ ಮೇಲಕ್ಕೆ ತೂರಿಸಿ, ಎಂಜಿನ್ನಿನ ಆ ಮಸಿ ಹಿಡಿದ ಮುಖದ ಮೇಲೆ ಬೆರಳನ್ನು ದುಂಡಗೆ ಒಂದು ಸುತ್ತು ತಂದ. ಉಗುರು ಕೊಟ್ಟು ಮೀಟಿದ. ಕಪ್ಪು ಉಂಗುರ ಗಾಯದ ಹಕ್ಕಳೆಯಂತೆ ಎದ್ದು ಬಂತು. ಕಪ್ಪಿನ ಮೇಲೆ ಕಪ್ಪು ಅಂಟಿಕೊಂಡು ಕೂತಿತ್ತು.

"ಇದರ ಮೇಲೆ ಹೊಸ ಉಂಗುರ ಕೂರಿಸಿದ್ರೆ ಹತ್ತು ಮೈಲಿ ಹೋಗೋದ್ರೊಳಗೆ ಆಯಿಲೆಲ್ಲ ರಸ್ತೇಲಿರ್ತಿತ್ತು," ಎಂದು ಹೇಳಿ, ಉಂಗುರವನ್ನು ನನ್ನ ಅಂಗೈ ಮೇಲಿಟ್ಟು ಮುಂದಿನ ಕೆಲಸ ನೋಡಿದ. ಜಂಬವಿಲ್ಲ, ಏನಿಲ್ಲ. ಟೈರಿನವನು ಟಾರ್ಚು ಆರಿಸಿ ಜೇಬಿಗೆ ಹಾಕಿಕೊಂಡ. ಇಂಥ ಕೈ ನಮ್ಮ ಮನೆಯಲ್ಲಿದೆ. ನಾನು ಅದಕ್ಕೆ ಹಿಂದಿನ ಕೋಣೆ ಸಾಕು ಎಂದಿದ್ದೆ.

ಫ ಡ್ರಾಯರಿನಿಂದ ಹೊಸ ಫಿಲ್ಟರ್. ಅದರ ಉಂಗುರಕ್ಕೆ ಬೆರಳಲ್ಲಿ ಹೊಸ ಆಯಿಲ್ ಸವರಿ, ಕೈಯಲ್ಲೇ ಬಿಗಿದ. ಮೇಲೆ ಬಂದು ಆಲಿಕೆ ಎತ್ತಿದ, ಕೀಲಿ ಗಿಲಕ್ಕೆಂದಿತು, ಅದನ್ನು ಹಲ್ಲಲ್ಲಿ ಕಚ್ಚಿಕೊಂಡು ಡಬ್ಬಿ ಪೂರ್ತಿ ಸುರಿದ. ಅಳತೆ ಕಡ್ಡಿ ಅದ್ದಿ ತೆಗೆದು, ಹೆಬ್ಬೆರಳಲ್ಲಿ ಜಾರುವುದು ಎಲ್ಲಿಂದ ಶುರು ಎಂದು ಸವರಿ ನೋಡಿ ತಲೆಯಾಡಿಸಿದ. ಕೀಲಿಯನ್ನು ನನ್ನ ಕಡೆಗೆ ಚಾಚಿದ.

"ಸದ್ದು ನನಗೆ ಗೊತ್ತಾಗುತ್ತೆ. ಹನಿ ಬಿದ್ರೂ ಗೊತ್ತಾಗುತ್ತೆ. ದೀಪ ಒಂದು ಮಾತ್ರ ನನಗೆ ಕಾಣಲ್ಲ. ಅದನ್ನ ನೀವು ನೋಡಿ ಹೇಳಿ ಭಾವ."

ಕಾರಿನೊಳಗೆ ಕೂತೆ. ಇವಳು ಕಿಟಕಿಯ ಬಳಿ ಬಂದು ನಿಂತಳು. ಕೀಲಿ ತಿರುಗಿಸಿದೆ. ಎಂಜಿನ್ ಹತ್ತಿತು, ಕೆಂಪು ದೀಪ ಹತ್ತಿತು. ಒಂದು. ಎರಡು. ಅವನು ಕಾರಿನ ಮೂತಿಯ ಮೇಲೆ ಅಂಗೈ ಊರಿ, ಕಟ್ಟಿದ ಕಣ್ಣಿನ ಮುಖವನ್ನು ನನ್ನ ಕಡೆ ಎತ್ತಿ ನಿಂತಿದ್ದ. ಮೂರು ಎನ್ನುವಷ್ಟರಲ್ಲಿ ದೀಪ ಹೋಯಿತು. ಯಾವ ಮಾತಿನಲ್ಲಿ ಹೇಳಲಿ ಎಂದು ಇವಳ ಮುಖ ನೋಡಿದೆ.

ಇವಳು ಕಿಟಕಿಯೊಳಗೆ ಅರ್ಧ ಮೈ ತೂರಿಸಿದ್ದಳು. ಇಡೀ ಬೀದಿಗೆ ಕೇಳುವಂತೆ ಕೂಗಿದಳು:

"ಆರಿತು ಕಣೋ! ದೀಪ ಆರಿತು!"

ಏಪ್ರಿಲ್ ೭, ಸೋಮವಾರ

ಪೆಟ್ಟಿಗೆ ಇಲ್ಲೇ ಉಳಿಯಿತು, ಟೈರಿನವನ ವ್ಯಾನು ಆಯಿಲ್ ಬದಲಾಯಿಸಿಕೊಳ್ಳಲು ಬುಧವಾರಕ್ಕೆ ಬರುತ್ತದೆ. ಅದರ ಆಯಿಲ್ ಅಳತೆ ಬೇರೆ, ಡಬ್ಬಿ ಬೇರೆ, ಅದಕ್ಕೊಂದು ಅಕ್ಷರ ಒತ್ತಬೇಕು. ದೀಪ ನೋಡುವ ಕೆಲಸ ನನ್ನದೆಂದು ನಾನು. ಮೊದಲು ಹೇಳಿದವಳು ತಾನು, ಆದ್ದರಿಂದ ತನ್ನದೆಂದು ಇವಳು. ಬೆಳಗಿನಿಂದ ಜಗಳ ನಡೆದಿದೆ, ನಮ್ಮ ಭಾವಮೈದ ಮಧ್ಯೆ ಬಾಯಿ ಹಾಕುತ್ತಿಲ್ಲ.